ಅಪ್ಪ ಆರಿಸಿದ ರೀಲು

“ಹುಳಿಮಾವು ಕೆರೆಗೆ ಇದು ಸಾಕು ಬಿಡಿ ಮೇಡಂ, ಸುಮ್ನೆ ಜಾಸ್ತಿ ಯಾಕೆ?” ಎನ್ನುತ್ತ ಜಯನಗರದ ಸ್ಪೋರ್ಟ್ಸ್ ಅಂಗಡಿಯವರು ಅತಿ ಅಗ್ಗದ ಗಾಳದ ರೀಲನ್ನು ನನ್ನ ಮುಂದಿಟ್ಟರು. ನನಗೂ ಅಷ್ಟೇ ಬೇಕಿತ್ತು. ಲಕ್ವ ಹೊಡೆದ ಬಲಗೈಗೆ ವ್ಯಾಯಾಮವಾಗಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ ಕಿಟಕಿಯಾಚೆ ಎಸೆದಿದ್ದರು. ಮಲ್ಪೆಯಲ್ಲಿ ಮೀನು ಹಿಡಿದೇ ಬದುಕಿದವರು, ರೀಲಾದರೂ ತಿರುಗಿಸಿಯಾರು ಎಂಬುದು ನನ್ನ ಆಸೆ.

ಪಕ್ಕದ ಸ್ಟೂಲಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದ ಅಪ್ಪ ಎಡಗೈ ಚಾಚಿ ಆ ರೀಲನ್ನು ಹಿಂದಕ್ಕೆ ತಳ್ಳಿಬಿಟ್ಟರು.

“ಕೆರೆಗಲ್ಲ ಮಾರಾಯ್ರೇ, ಕಡಲಿಗೆ. ಉಪ್ಪುನೀರಿಗೆ ತುಕ್ಕು ಹಿಡಿಯದ್ದು ಕೊಡಿ.”

ಕಾಯಿಲೆ ಬಿದ್ದು ಬಿಟಿಎಂ ಲೇಔಟಿನ ನಮ್ಮ ಮನೆಗೆ ಬಂದ ಮೇಲೆ ಅಪ್ಪ ಕಡಲಿನ ಮಾತೇ ಎತ್ತಿರಲಿಲ್ಲ. ಅಂಗಡಿಯವರು ಇನ್ನೆರಡು ತಂದರು. ದುಬಾರಿಯದ್ದು ಅಪ್ಪನಿಗೆ ಭಾರವಾಯಿತು. ನಡುವಿನ ಬೆಲೆಯದ್ದನ್ನು ಎತ್ತಿಕೊಂಡು, ಒಳಗಿನ ಬೇರಿಂಗಿಗೆ ನೀರು ಇಳಿಯುವುದಿಲ್ಲವಷ್ಟೇ ಎಂದು ಎರಡೆರಡು ಸಲ ಕೇಳಿದರು. ಆಮೇಲೆ, ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದ ಬಲಗೈಯನ್ನು ಅದರ ಹಿಡಿಯ ಮೇಲಿಟ್ಟರು. ಬೆರಳು ಬಿಗಿಯಲಿಲ್ಲ, ಅಂಗೈಯಿಂದಲೇ ತಳ್ಳಿದರು. ಹಿಡಿ ಮಾತ್ರ ಎಲ್ಲೂ ಸಿಕ್ಕಿಕೊಳ್ಳದೆ ಒಂದು ಸುತ್ತು ಬಂತು. ಅದನ್ನೇ ಕೊಂಡೆವು.

ಮಳೆಗಾಲ ಕಳೆದ ಮೇಲೆ ಆ ರೀಲು ಮಲ್ಪೆಯ ಕಡಲು ಕಂಡಿತು. ಮೀನೇನೂ ಸಿಗಲಿಲ್ಲ. ಅಪ್ಪ ಮಾತ್ರ ಊರ ಮನೆಯ ಬಾವಿಕಟ್ಟೆಯಲ್ಲಿ ಕೂತು ರೀಲಿಗಂಟಿದ ಉಪ್ಪನ್ನೆಲ್ಲ ಸಿಹಿನೀರಿನಲ್ಲಿ ತೊಳೆದು, ಬಲಗೈಯಿಂದಲೇ ನಿಧಾನವಾಗಿ ಒರೆಸಿದರು. “ಮತ್ತೆ ಬರ್ಲಿಕ್ಕುಂಟಲ್ಲ” ಎಂದರು.