ಜಡೆಯಲ್ಲಿ ಸಿಗದ ಹೂವು

ಅಕ್ಕೋರ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಅದು ಪತ್ರಿಕೆಯ ಮಸಿ. ಕಿತ್ತು ತಂದ ಗಿಡಗಳನ್ನು ಹಳೆ ಪತ್ರಿಕೆಯ ಮಡಿಕೆಗಳಲ್ಲಿ ಹರಡಿ, ಮರದ ಪಟ್ಟಿಗಳ ನಡುವೆ ಬಿಗಿದು, ಬೂಷ್ಟು ಹಿಡಿಯದಂತೆ ದಿನವೂ ಕಾಗದ ಬದಲಿಸುತ್ತಿದ್ದರು. ಮಳೆಗಾಲದಲ್ಲಿ ಆ ಕಾಗದಗಳು ಅವರ ಅಡುಗೆಮನೆಯ ಒಲೆಯ ಪಕ್ಕ ಒಣಗುತ್ತಿದ್ದವು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಶಿಕಾರಿಪುರದ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದರು. ತರಗತಿಯಲ್ಲಿ ಮೇಡಂ, ಹೊರಗೆ ಎಲ್ಲರಿಗೂ ಅಕ್ಕೋರು. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಒಂದು ಚೀಟಿ ಅಂಟಿಸಬೇಕು: ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವತ್ತು, ತಂದವರು ಯಾರು. "ಹೂವಿನ ಬಣ್ಣ ಹೆಂಗೂ ಹೋಗ್ತದೆ. ಚೀಟೀನೂ ಸುಳ್ಳಾದ್ರೆ ಉಳಿಯೋದು ಬರೀ ಒಣಹುಲ್ಲು" ಎನ್ನುತ್ತಿದ್ದರು.

ಒಂದು ಶ್ರಾವಣದಲ್ಲಿ ನಮ್ಮನ್ನು ಅಂಜನಾಪುರದ ಜಲಾಶಯದಾಚೆಯ ಹುಲ್ಲುಗಾವಲಿಗೆ ಕರೆದೊಯ್ದರು. ಕುರಿ ಕಾಯುತ್ತಿದ್ದ ಅಜ್ಜನೊಬ್ಬ ನಮ್ಮ ಕಟ್ಟನ್ನೇ ನೋಡುತ್ತ, "ನಮ್ ಕುರೀನೂ ಮೂಸದ್ದನ್ನ ಪೇಪರ್ನಾಗೆ ಕಟ್ಕಂಡು ಹೊಂಟೀರಲ್ರೀ ಅಕ್ಕೋರೆ, ಏನ್ ಸಾರು ಮಾಡ್ತೀರಿ?" ಎಂದ. "ಸಾರಲ್ಲ ಅಜ್ಜ, ಉಪ್ಪಿನಕಾಯಿ" ಎಂದರು ಅಕ್ಕೋರು, ತಲೆ ಎತ್ತದೆ.

ಅಲ್ಲೇ ನನಗೊಂದು ಗಿಡ ಸಿಕ್ಕಿತು. ಮರದ ಮೇಲೆ ಬೆಳೆಯುವ ಸೀತಾಳೆಯ ಜಾತಿಯದು, ಆದರೆ ನೆಲದಲ್ಲಿ ಬೆಳೆದದ್ದು, ಬಿಳಿ ಹೂವು. ಅವರಿಗೆ ತೋರಿಸಲಿಲ್ಲ. ಕಾಲೇಜಿನ ಬೀರುವಿನಲ್ಲಿ ಕುಬಟೂರಿನ ಗಿಡಗಳಿದ್ದವು, ಅಂಜನಾಪುರದವಿದ್ದವು. ಸೊರಬದ ಕಡೆಯ ನನ್ನೂರು ಜಡೆಯದು ಒಂದೂ ಇರಲಿಲ್ಲ. ಮರುವಾರ ಊರಿನಿಂದ ಬಂದವಳು ಬಚ್ಚಿಟ್ಟು ಒಣಗಿಸಿದ್ದ ಅದೇ ಗಿಡ ಕೊಟ್ಟು, ಚೀಟಿಯಲ್ಲಿ 'ಜಡೆ' ಎಂದು ಬರೆದೆ.

ಅಕ್ಕೋರು ಹಿಗ್ಗಿದರು. ಆ ಗಿಡ ನಿಂತ ಜಾಗ ನೋಡಬೇಕೆಂದು ಎರಡು ಭಾನುವಾರ ಬಸ್ಸು ಹತ್ತಿ ಜಡೆಗೆ ಬಂದರು. ನಾನು ಯಾವುದೋ ಗದ್ದೆಯ ಅಂಚು ತೋರಿಸಿದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಸರಿನಲ್ಲಿ ಬಗ್ಗಿ ಹುಡುಕಿದರು. ಸಿಗದಿದ್ದಾಗ ದನ ಮೇಯ್ದಿರಬೇಕೆಂದರು. ನನ್ನ ಮೇಲೆ ಅನುಮಾನವೇ ಬರಲಿಲ್ಲ ಅವರಿಗೆ.

ಆ ಗಿಡದ ಹಾಳೆಯನ್ನು ದೊಡ್ಡ ಊರಿನ ಸಸ್ಯಸಂಗ್ರಹಾಲಯಕ್ಕೆ ಕಳಿಸಲು ಕಟ್ಟುತ್ತಿದ್ದ ದಿನ ನಾನು ಬಾಯಿಬಿಟ್ಟೆ. ಅವರು ಕೈಯಲ್ಲಿದ್ದ ದಾರ ಕೆಳಗಿಟ್ಟರು. "ಎರಡನೇ ಸಲ ಹೊರಟಾಗಾದ್ರೂ ಹೇಳ್ಬೋದಿತ್ತಲ್ಲೇ" ಎಂದರು. ನಾನು ಚೀಟಿ ಕೀಳಲು ಹೋದೆ. ಕೈ ಹಿಡಿದರು.

"ಕೀಳ್ಬ್ಯಾಡ. ಹಳೇ ಚೀಟಿ ತೆಗೆಯೋ ಪದ್ಧತಿ ಇಲ್ಲ. ಅದರ ಪಕ್ಕ ಇನ್ನೊಂದು ಹಚ್ಚು. ಏನಾತು ಅಂತ ನೀನೇ ಬರಿ."

ಬರೆದೆ. ನನ್ನ ಹೆಸರನ್ನಾದರೂ ತೆಗೆಯಿರಿ ಎಂದು ಬೇಡಿಕೊಂಡೆ. "ತಂದವಳು ನೀನೇ ಅಲ್ವಾ? ಅದು ನಿಜಾನೇ" ಎಂದು ಕಟ್ಟು ಬಿಗಿದರು. ಆ ಮಾತು ಮತ್ತೆ ಎಂದೂ ಎತ್ತಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಅವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಅವರ ಅಣ್ಣ, ಅತ್ತಿಗೆ ಎಲ್ಲರೂ ಬೇಗ ಗುಣವಾಗುತ್ತದೆ ಎನ್ನುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಹೊರಗೆ ಅಣ್ಣನ ಜೊತೆ ನಿಂತು ನಾನೂ ಕೇಳಿದ್ದೆ. ಅಕ್ಕೋರಿಗೆ ಹೇಳಕೂಡದೆಂದು ಅಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದರು. ಕಾಫಿಗೆಂದು ಅವರೆಲ್ಲ ಕೆಳಗಿಳಿದಾಗ ಅಕ್ಕೋರು ನನ್ನನ್ನು ಹತ್ತಿರ ಕರೆದರು.

"ಡಾಕ್ಟ್ರು ಏನಂದ್ರು? ಇವರು ಹೇಳಲ್ಲ. ನೀನಾದ್ರೆ ಹೇಳ್ತೀಯ."

ಹೇಳಿದೆ. ದೀಪಾವಳಿ ದಾಟುವುದು ಕಷ್ಟ ಎಂದಿದ್ದಾರೆ ಎಂದೆ. ಒಂದು ಮಾತನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಅವರು ಕಿಟಕಿಯ ಕಡೆ ನೋಡುತ್ತ ದಿನಗಳನ್ನು ಲೆಕ್ಕ ಹಾಕುತ್ತಿರುವಂತೆ ಕಂಡಿತು. ಆಮೇಲೆ, ಹಾಸಿಗೆಯ ಮೇಲೆ ಜಾಗ ಮಾಡಿ, ಕೂತುಕೋ ಎಂದರು.