ಕಲಗಚ್ಚಿನ ಬಕೀಟು

"ಆ ಕಾಲದಲ್ಲಿ ನಮ್ಮೂರ ಹಸುಗಳಿಗೆ ಜಾತಿಯಿರಲಿಲ್ಲ, ಎಲ್ಲರ ಮನೆ ಕಲಗಚ್ಚೂ ಒಂದೇ ಬಕೀಟಿಗೆ ಬೀಳುತ್ತಿತ್ತು" ಎಂದು ನಮ್ಮ ಚಿಕ್ಕಪ್ಪ ನೆಂಟರ ಮುಂದೆಲ್ಲ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬಕೀಟು ಹಿಡಿದು ಬೀದಿ ಸುತ್ತುತ್ತಿದ್ದವಳು ನಾನು, ಚಿಕ್ಕಪ್ಪನಲ್ಲ.

ಹಿರೀಸಾವೆ ಕಡೆಯ ನಮ್ಮೂರಲ್ಲಿ ಸ್ಕೂಲು ಬಿಟ್ಟ ಮೇಲೆ ಅದು ನನ್ನ ಕೆಲಸ. ಅಕ್ಕಿ ತೊಳೆದ ನೀರು, ಮುದ್ದೆ ಪಾತ್ರೆ ನೆನೆಸಿದ ನೀರು, ಬಾಳೆಕಾಯಿ ಸಿಪ್ಪೆ. ಆ ಹುಳಿ ವಾಸನೆಗೆ ನಮ್ಮ ಹಸು ದೂರದಿಂದಲೇ ಕೂಗುತ್ತಿತ್ತು. ಎಂಟು ಮನೆ ಮುಂದೆ ನಿಲ್ಲುತ್ತಿದ್ದೆ. ಬೀದಿ ಮುಗಿದು ಕೇರಿ ಶುರುವಾಗುವಲ್ಲಿದ್ದ ಪವಿತ್ರಳ ಮನೆ ಮುಂದೆ ನಿಲ್ಲುತ್ತಿರಲಿಲ್ಲ. ನಿಲ್ಲಬೇಡ ಎಂದು ಯಾರೂ ಹೇಳಿರಲಿಲ್ಲ. ಮೊದಲ ದಿನ ಜೊತೆಗೆ ಬಂದ ಅಜ್ಜಿ ಅದನ್ನು ದಾಟಿ ನಡೆದಿದ್ದಳು, ನಾನೂ ದಾಟುತ್ತಾ ಬಂದೆ.

ಪವಿತ್ರ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು. ಒಂದು ದಿನ ಕೇಳಿಯೇಬಿಟ್ಟಳು: "ನಮ್ಮನೆ ಕಲಗಚ್ಚಲ್ಲಿ ಹುಳ ಬಿದ್ದವಾ? ನಾಳಿಂದ ಬೇರೆ ಬೆಂಚಲ್ಲಿ ಕೂತ್ಕೋ ಓಗು."

ಅಂದು ಸಂಜೆ ಅವಳ ಮನೆ ಮುಂದೆ ನಿಂತೆ. ಅವಳ ಅವ್ವ ಪಾತ್ರೆ ತಂದು ಸುರಿದರು. ಪವಿತ್ರ ಹಿಂದೆಯೇ ಬಂದು ನಮ್ಮ ಕೊಟ್ಟಿಗೆಯ ಬೇಲಿಯಾಚೆ ನಿಂತಳು. ಅಜ್ಜಿ ಅದನ್ನು ಚೆಲ್ಲಿದರೆ ನಮ್ಮ ಗೆಳೆತನ ಅಲ್ಲಿಗೇ ಮುಗಿದಂತೆ.

"ಇವತ್ತೇನೇ ಇಷ್ಟೊಂದು?" ಅಜ್ಜಿ ಬಕೀಟು ನೋಡಿ ಕೇಳಿದಳು.

"ಪವಿತ್ರನ ಮನೇದೂ ಸೇರ್ಕಂಡದೆ."

ಅಜ್ಜಿ ಬೇಲಿಯತ್ತ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ, ಕನ್ನಡ ಮೇಷ್ಟ್ರು ಆ ವಾರವಷ್ಟೇ ಹೇಳಿದ್ದನ್ನು ಹಿಡಿದು ವಾದಕ್ಕಿಳಿದೆ: "ಕಲ ಅಂದ್ರೆ ಪಾತ್ರೆ, ಕಚ್ಚು ಅಂದ್ರೆ ತೊಳಿ. ಪಾತ್ರೆ ತೊಳ್ದಿದ್ ನೀರು ಅಂತಷ್ಟೇ ಅರ್ಥ ಅಜ್ಜಿ. ಯಾರ್ ಪಾತ್ರೆ ಅಂತ ಆ ಪದದಲ್ಲಿ ಎಲ್ಲೂ ಇಲ್ಲ."

"ನಿಮ್ಮೇಷ್ಟ್ರು ಹಸ ಕಟ್ಟವ್ರಾ?" ಎಂದಳು. ಬಕೀಟಿಗೆ ಮೊಣಕೈವರೆಗೆ ಕೈಯಿಳಿಸಿ ಕಲಕಿದಳು, ಒಂದು ಹಿಡಿ ಬೂಸಾ ಹಾಕಿದಳು, ಹಸುವಿನ ಮುಂದಿಟ್ಟಳು. ಆಮೇಲೆ ಬೇಲಿಯತ್ತ ತಿರುಗಿ, "ನಿಮ್ಮವ್ವಂಗೆ ಹೇಳು ಮಗ, ಮೆಣಸಿನಕಾಯಿ ತೊಟ್ಟು ಬಿದ್ದವೆ. ನಾಳಿಂದ ಆಯ್ದು ಆಕ್ಲಿ."

'ನಾಳಿಂದ' ಎಂದದ್ದು ಕಿವಿಗೆ ಬಿದ್ದ ಮೇಲೆ ನಾನು ವಾದ ಬಿಟ್ಟು ಹಸುವಿಗೆ ಹುಲ್ಲು ಎಳೆದು ಹಾಕಿದೆ. ಬೆಳಿಗ್ಗೆ ಸ್ಕೂಲಿಗೆ ಹೋದರೆ ಪವಿತ್ರ ಬ್ಯಾಗಿಟ್ಟು ನನಗೆ ಜಾಗ ಹಿಡಿದಿದ್ದಳು.

ಈಗ ಎಲ್ಲರ ಮನೆಯಲ್ಲೂ ಸಿಂಕು. ಸೋಪಿನ ನೀರು ಹಸುವಿಗಾಗದು, ಡೇರಿಯಿಂದ ಫೀಡ್ ಮೂಟೆ ಬರುತ್ತದೆ. ನಮ್ಮ ಮನೆಯ ಚಿಕ್ಕ ಮಕ್ಕಳಿಗೆ ಕಲಗಚ್ಚು ಎಂದರೆ ಏನೆಂದೇ ತಿಳಿಯದು. ಪದ ಹೋದರೆ ಹೋಗಲಿ. ಸಂಜೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಲು ಇದ್ದ ನೆಪವೂ ಅದರ ಜೊತೆಗೇ ಹೋಯಿತು.

ಮೊನ್ನೆ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ: "ಅವತ್ತು ತರೋಕ್ ಮುಂಚೆ ನಿನ್ನ ಕೇಳಿದ್ರೆ, ಬೇಡ ಅಂತಿದ್ಯಾ ಅಜ್ಜಿ?"

"ಅಂತಿದ್ನೇನೋ, ಅದ್ಕೇ ನೀನು ಕೇಳ್ದೆ ತಂದಿದ್ದು ಒಳ್ಳೇದಾಯ್ತು" ಎಂದು ಅಜ್ಜಿ ಇನ್ನೊಂದು ಅವರೆಕಾಯಿ ಸುಲಿದಳು.