ನೆಲಬೇವಿನ ಪುಡಿಯೋ, ಸೊಳ್ಳೆಪರದೆಯೋ

ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮಗಳ ಪೆಟ್ಟಿಗೆಯ ತೂಕ ಹೆಚ್ಚಾಯಿತು. ಡಾಕ್ಟರ್ ಅವಳು; ಮಲೇರಿಯಾ ಇರುವ ಉಗಾಂಡಾದ ಆಸ್ಪತ್ರೆಗೆ ಹೊರಟಿದ್ದಾಳೆ. ನೆಲದ ಮೇಲೇ ಪೆಟ್ಟಿಗೆ ಬಿಚ್ಚಿ ಕೂತೆವು. ಕೌಂಟರಿನಾಕೆ ಗದರಲಿಲ್ಲ, ಅದೇ ಪುಣ್ಯ.

"ನಿನ್ನ ನೆಲಬೇವಿನ ಪುಡಿ ಇರ್ಲಿ ಅಮ್ಮ, ಸೊಳ್ಳೆಪರದೆ ತೆಗೀತೀನಿ," ಎಂದಳು, ನಾನು ನೊಂದುಕೊಳ್ಳಬಾರದೆಂದು.

"ಡಾಕ್ಟರಾಗಿ ಇದೇನೇ ಮಾತು? ಜ್ವರದ ಕಷಾಯ ಕುಡಿದ್ರೆ ಸೊಳ್ಳೆ ಕಚ್ಚೋದು ಬಿಡತ್ತಾ? ಮಲೇರಿಯಾ ಮಾತ್ರೇನೂ ತಪ್ಪಿಸ್ಬೇಡ," ಎಂದು ಪುಡಿಯ ಡಬ್ಬಿಯನ್ನು ನಾನೇ ತೆಗೆದಿಟ್ಟುಕೊಂಡೆ. ದೇವರ ದಯೆ, ತೂಕ ಸರಿಹೋಯಿತು.

ಮಂಗಳೂರಿನಲ್ಲಿದ್ದಾಗ ಅವಳನ್ನು ಮಲಗಿಸಿ, ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯಡಿ ಸಿಕ್ಕಿಸುತ್ತಿದ್ದವಳು ನಾನು.

"ಅಲ್ಲಿ ಪರದೆ ಯಾರೇ ಸಿಕ್ಕಿಸ್ತಾರೆ?"

"ಒಳಗೆ ಕೂತು ನಾನೇ ಸಿಕ್ಕಿಸ್ಕೋತೀನಮ್ಮ."

ಹಾಗೂ ಮಾಡಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.